ಅಪ್ಪನ 2013ರ ಲ್ಯಾಪ್‌ಟಾಪ್ ಇನ್ನೂ ಓಡಿಸಬಹುದಾ, ಇಲ್ಲ ಗುಜರಿಗೆ ಹಾಕಬೇಕಾ?

ತುಂಗೆ_ದಡ (ಶಿವಮೊಗ್ಗ)
ಮೂರನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಕಾಫಿ ಕುಡಿದು ಬಂದರೂ ಇನ್ನೂ ಸುತ್ತುತ್ತಲೇ ಇರುತ್ತದೆ. ಬ್ಯಾಟರಿ ಚಾರ್ಜ್ ನಿಲ್ಲುವುದಿಲ್ಲ, ಫ್ಯಾನ್ ಸದ್ದು ಜಾಸ್ತಿ. ಅಂಗಡಿಯವರು ಮುಚ್ಚಳ ಕೂಡ ಬಿಚ್ಚದೆ "ಇದಕ್ಕೆ ದುಡ್ಡು ಹಾಕಬೇಡಿ, ಹೊಸದು ತಗೊಳ್ಳಿ" ಅಂದರು. ಅಪ್ಪನಿಗೆ ಬೇಕಿರುವುದು ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್, ಆನ್‌ಲೈನಲ್ಲಿ ಪಹಣಿ ನೋಡುವುದು, ಯಕ್ಷಗಾನದ ವಿಡಿಯೊ, ಆಗಾಗ ಒಂದು ಪ್ರಿಂಟ್. ಇಷ್ಟಕ್ಕೆ ಹೊಸದು ಯಾಕೆ ಅಂತ ಅವರದೂ ಹಠ. ಮಿಕ್ಸಿಯ ಕಾರ್ಬನ್ ಬ್ರಷ್ ಬದಲಾಯಿಸುವಷ್ಟು ಕೈ ನನಗೆ ಓಡುತ್ತದೆ. ರ‍್ಯಾಮ್ 8 ಜಿಬಿ ಮಾಡಿದರೆ ಸಾಕಾ?

ಎಸ್‌ಪಿ_ರೋಡ್_ಸುತ್ತಾಟ
ರ‍್ಯಾಮ್ ಆಮೇಲೆ, ಮೊದಲು ಡಿಸ್ಕ್. ನಿಮ್ಮ ಲ್ಯಾಪ್‌ಟಾಪ್ ನಿಧಾನ ಆಗಿರುವುದು ಪ್ರೊಸೆಸರ್‌ನಿಂದ ಅಲ್ಲ, ತಿರುಗುವ ಆ ಹಳೆ ಹಾರ್ಡ್ ಡಿಸ್ಕ್‌ನಿಂದ. ಅದನ್ನು ತೆಗೆದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿ, 240 ಜಿಬಿಯದ್ದು ಅಪ್ಪನಿಗೆ ಧಾರಾಳ. ಅಂಗಡಿಯವರು ಎನ್‌ವಿಎಂಇ ಅಂತ ಚೂಯಿಂಗ್ ಗಮ್ ಪಟ್ಟಿಯ ಥರದ್ದು ತೋರಿಸಿದರೆ ಬೇಡ ಅನ್ನಿ, ಆ ಕಾಲದ ಬೋರ್ಡ್‌ನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ.

ಡಿಸ್ಕ್ ಬದಲಾಯಿಸಿದ ಮೇಲೂ ಬ್ರೌಸರ್ ತಡವರಿಸಿದರೆ ಆಗ ರ‍್ಯಾಮ್. ಈಗಿರುವ ರ‍್ಯಾಮ್ ಪಟ್ಟಿಯ ಮೇಲಿನ ಸ್ಟಿಕರ್ ಓದಿ. ಪಿಸಿ3 ಅಂತಿದ್ದರೆ 1.5 ವೋಲ್ಟ್, ಪಿಸಿ3ಎಲ್ ಅಂತಿದ್ದರೆ 1.35 ವೋಲ್ಟ್. ಎಲ್ ಇರುವುದು ಎರಡರಲ್ಲೂ ನಡೆಯುತ್ತದೆ, ಹಾಗಾಗಿ ಅದನ್ನೇ ಕೇಳಿ. ಸೆಕೆಂಡ್ ಹ್ಯಾಂಡ್ ರ‍್ಯಾಮ್ ಪರವಾಗಿಲ್ಲ, ಸೆಕೆಂಡ್ ಹ್ಯಾಂಡ್ ಎಸ್‌ಎಸ್‌ಡಿ ಮಾತ್ರ ಬೇಡವೇ ಬೇಡ.

ಬಿಚ್ಚುವ ಮುಂಚೆ ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಆಯಾ ಜಾಗದಲ್ಲೇ ಟೇಪ್ ಹಚ್ಚಿ ಅಂಟಿಸಿಡಿ. ಫ್ಯಾನ್ ಧೂಳು ತೆಗೆಯುವಾಗ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಬ್ಲೋವರ್ ಗಾಳಿಗೆ ಗಿರ್ರ್ ಅಂತ ತಿರುಗಿದರೆ ಬೇರಿಂಗ್ ಹೋಗುತ್ತದೆ. ಪ್ರೊಸೆಸರ್ ಮೇಲೆ ಕೂರುವ, ಬಿಸಿ ಎಳೆಯುವ ಹೀಟ್ ಸಿಂಕ್ ಬಿಚ್ಚಿದರೆ ಥರ್ಮಲ್ ಪೇಸ್ಟ್ ಹೊಸದಾಗಿ ಹಾಕಲೇಬೇಕು, ಅವರೆಕಾಳಿನಷ್ಟಲ್ಲ, ಅದಕ್ಕಿಂತ ಕಡಿಮೆ.

ಲೆಕ್ಕಾಚಾರಿ
ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ. ಮೊದಲು ಬ್ಯಾಟರಿ ಊದಿಕೊಂಡಿದೆಯಾ ನೋಡಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ಲ್ಯಾಪ್‌ಟಾಪ್ ಮೇಜಿನ ಮೇಲೆ ಸಮ ಕೂರದಿದ್ದರೆ ಇವತ್ತೇ ತೆಗೆಯಿರಿ. ಚುಚ್ಚಬೇಡಿ, ಕಸದ ಬುಟ್ಟಿಗೂ ಬೇಡ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಇಷ್ಟು ಹಳೆಯ ಮಾಡೆಲ್‌ಗಳಲ್ಲಿ ಬಹಳಷ್ಟು ಬ್ಯಾಟರಿ ಇಲ್ಲದೆಯೂ ಚಾರ್ಜರ್ ಮೇಲೆ ಓಡುತ್ತವೆ. ಕರೆಂಟ್ ಹೋದರೆ ಆಫ್ ಆಗುತ್ತದೆ, ಯುಪಿಎಸ್ ಇದ್ದರೆ ಅದೂ ಚಿಂತೆ ಇಲ್ಲ.

ಖರ್ಚಿಗೆ ಒಂದು ಗೆರೆ ಹಾಕಿಕೊಳ್ಳಿ. ಎಸ್‌ಎಸ್‌ಡಿ, ರ‍್ಯಾಮ್ ಸರಿ. ಸ್ಕ್ರೀನ್ ಅಥವಾ ಬೋರ್ಡ್ ಕೈಕೊಟ್ಟರೆ ಅಲ್ಲಿಗೆ ನಿಲ್ಲಿಸಿ. ಎಸ್‌ಎಸ್‌ಡಿಯನ್ನು ಹೇಗೂ ಇನ್ನೊಂದಕ್ಕೆ ಹಾಕಿಕೊಳ್ಳಬಹುದು. ಇನ್ನು ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು, ವಿಂಡೋಸ್ 11ಕ್ಕೆ ಅಧಿಕೃತವಾಗಿ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರು ಬೇಕು, ನಿಮ್ಮದು ಮೂರನೆಯದು. ಇದರಲ್ಲೇ ಬ್ಯಾಂಕ್ ಕೆಲಸವನ್ನೂ ಮಾಡುತ್ತಾರಾದರೆ ವಿಂಡೋಸ್ ಬಿಟ್ಟು ಲಿನಕ್ಸ್ ಅನ್ನುವ ಉಚಿತ ಕಾರ್ಯಾಚರಣಾ ವ್ಯವಸ್ಥೆಗೆ ಹೋಗುವುದೇ ವಾಸಿ.

ತುಂಗೆ_ದಡ
ಬ್ಯಾಟರಿ ಊದಿಲ್ಲ, ಪುಣ್ಯ. ಆದರೆ ಲಿನಕ್ಸ್ ಅಂದರೆ ನುಡಿ ಹೋಗುತ್ತದೆ ಅಲ್ವಾ? ಅಪ್ಪನ ಬೆರಳಿಗೆ ಬೇರೆ ಕೀಲಿಮಣೆ ಬರುವುದಿಲ್ಲ. ಹಳೆ ಫೈಲುಗಳ ರಾಶಿಯೂ ಇದೆ.

ಕಗಪ_ಕೀಲಿ
ನುಡಿ ತಂತ್ರಾಂಶ ಹೋಗುತ್ತದೆ, ಕೀಲಿಮಣೆ ಹೋಗುವುದಿಲ್ಲ. ಲಿನಕ್ಸ್‌ನ ಒಂದು ಬಗೆಯಾದ ಮಿಂಟ್‌ನಲ್ಲಿ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, ಕೀಲಿಮಣೆ ಬದಲಿಸಿಕೊಡುವ ಐಬಸ್ ತಂತ್ರಾಂಶದ ಜೊತೆಗೆ ಎಂ17ಎನ್ ಪ್ಯಾಕೇಜ್ ಸೇರಿಸಿ, ಕನ್ನಡದ ಕೆಳಗೆ ಕೆಜಿಪಿ ಆಯ್ದುಕೊಳ್ಳಿ. ಅದು ನುಡಿಯದೇ ವಿನ್ಯಾಸ. ಟೈಪ್ ಆಗುವುದು ಯೂನಿಕೋಡ್ (ಎಲ್ಲ ಕಡೆ ಓದಲು ಬರುವ ಅಕ್ಷರ ಸಂಕೇತ), ಹಾಗಾಗಿ ವಾಟ್ಸಾಪ್‌ಗೂ ನೇರ ಹಾಕಬಹುದು.

ಹಳೆ ಫೈಲುಗಳು ಯೂನಿಕೋಡ್ ಅಲ್ಲದಿದ್ದರೆ, ಅಂದರೆ ಫಾಂಟ್ ಬದಲಿಸಿದ ಕೂಡಲೇ ಇಂಗ್ಲಿಷ್ ಅಕ್ಷರಗಳ ಕಸ ಆಗುತ್ತಿದ್ದರೆ, ಆ ನುಡಿ ಫಾಂಟ್‌ಗಳನ್ನು ವಿಂಡೋಸ್‌ನಿಂದ ನಕಲು ಮಾಡಿ ಲಿನಕ್ಸ್‌ಗೆ ಹಾಕಿ. ಲಿಬ್ರೆ ಆಫೀಸ್‌ನಲ್ಲಿ ಓದಲು ಸಿಗುತ್ತವೆ. ತಿದ್ದಬೇಕಾದದ್ದನ್ನು ಮಾತ್ರ ಪರಿವರ್ತಕದಲ್ಲಿ ಯೂನಿಕೋಡ್ ಮಾಡಿಕೊಳ್ಳಿ. ಒತ್ತಕ್ಷರ, ಅರ್ಕಾವೊತ್ತು ಎಡವಟ್ಟಾಗುತ್ತವೆ, ಕಣ್ಣಾಡಿಸಲೇಬೇಕು.

ಹಳೆ ಡಿಸ್ಕ್ ಅಳಿಸಬೇಡಿ. ಯುಎಸ್‌ಬಿ ಕೇಸ್ ಒಂದರಲ್ಲಿ ಹಾಕಿದರೆ ಹೊರಗಿನ ಡಿಸ್ಕ್ ಆಗುತ್ತದೆ. ಆದರೆ ವಯಸ್ಸಾದ ಡಿಸ್ಕ್, ಅದೊಂದನ್ನೇ ನಂಬಬೇಡಿ, ಫೈಲುಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ.

ತುಂಗೆ_ದಡ
ಇದು ಗೊತ್ತೇ ಇರಲಿಲ್ಲ! ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900.

ಎಸ್‌ಪಿ_ರೋಡ್_ಸುತ್ತಾಟ
ಅಯ್ಯೋ, ಊರಿನ ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಇರುವ ಪ್ರಿಂಟರ್, ಲಿನಕ್ಸ್‌ಗೆ ಮಾತ್ರ ತಲೆನೋವು. ಚುಚ್ಚಿದ ಕೂಡಲೇ ನಡೆಯುವುದಿಲ್ಲ, ಕ್ಯಾಪ್ಟ್ ಅನ್ನುವ ಡ್ರೈವರ್ ಬೇರೆ ಹಾಕಬೇಕು. ಎಸ್‌ಎಸ್‌ಡಿ ತರುವ ಮುಂಚೆಯೇ ಮಿಂಟ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಸುಮ್ನೆ ಓಡಿಸಿ ನೋಡಿ. ವೈಫೈ, ಸೌಂಡ್, ಅಪ್ಪನ ಟೈಪಿಂಗ್ ಎಲ್ಲ ಅಲ್ಲೇ ಗೊತ್ತಾಗುತ್ತದೆ. ಪ್ರಿಂಟರ್ ಕೊನೆಗೂ ಬಗ್ಗದಿದ್ದರೆ ಪಿಡಿಎಫ್ ಮಾಡಿ ಪೇಟೆಗೆ ಒಯ್ಯಿರಿ, ಆಗಾಗ ಒಂದು ಹಾಳೆ ತಾನೇ.