ಗ್ರೋತ್ ಹಾರ್ಮೋನ್ (ಜಿಎಚ್) ಸ್ಟೇನ್ ಮಸುಕಾಗಿ ಬಂದಿದೆ, ಆ್ಯಂಟಿಬಾಡಿ ಕೆಟ್ಟಿದೆಯಾ?

ಪ್ರಶ್ನೆ (ಲ್ಯಾಬ್ ಟೆಕ್ನಿಷಿಯನ್): ಮೇಡಂ, ನಮಸ್ಕಾರ. ಅಕ್ರೊಮೆಗಲಿ (ಗ್ರೋತ್ ಹಾರ್ಮೋನ್ ಹೆಚ್ಚಾಗಿ ಕೈಕಾಲು ದಪ್ಪವಾಗುವ ಕಾಯಿಲೆ) ರೋಗಿಯ ಪಿಟ್ಯುಟರಿ (ಮೆದುಳಿನ ಬುಡದ ಗ್ರಂಥಿ) ಗೆಡ್ಡೆಗೆ ಗ್ರೋತ್ ಹಾರ್ಮೋನ್ ಸ್ಟೇನ್ ಹಾಕಿದೆ, ಅಂದರೆ ಹಾರ್ಮೋನ್ ಇರುವಲ್ಲಿ ಕಂದು ಬರಿಸುವ ಆ್ಯಂಟಿಬಾಡಿ. ಅವರಿಗೆ ಉಂಗುರ ಬೆರಳಿಗೆ ಹಿಡಿಸ್ತಿಲ್ಲ, ಗ್ರೋತ್ ಹಾರ್ಮೋನ್ ಹೆಚ್ಚಿದರೆ ರಕ್ತದಲ್ಲಿ ಏರುವ ಐಜಿಎಫ್-1 ಕೂಡ ಏರಿದೆ. ಆದರೆ ಸ್ಲೈಡಲ್ಲಿ ಅಲ್ಲೊಂದು ಇಲ್ಲೊಂದು ಕೋಶ ಮಾತ್ರ ತಿಳಿ ಕಂದು. ಆ್ಯಂಟಿಬಾಡಿ ಬಾಟಲಿ ಹೊಸದು, ಕರಪತ್ರದಲ್ಲಿ ಇದ್ದಂತೆ 1:500ಕ್ಕೆ ತೆಳು ಮಾಡಿ ಹಾಕಿದ್ದೆ. ಬಾಟಲಿ ವಾಪಸ್ ಕಳಿಸಲಾ?

ಉತ್ತರ (ಪೆಥಾಲಜಿಸ್ಟ್): ಕಂಟ್ರೋಲ್ ಸ್ಲೈಡ್ (ಹಾರ್ಮೋನ್ ಇದೆ ಅಂತ ಮೊದಲೇ ಗೊತ್ತಿರುವ ಅಂಗಾಂಶ) ಹೇಗೆ ಬಂತು? ಅದನ್ನೇ ಬರೆದಿಲ್ಲ ನೀವು!

ಪ್ರಶ್ನೆ: ಅಟಾಪ್ಸಿಯ ನಾರ್ಮಲ್ ಪಿಟ್ಯುಟರಿ ಮೇಡಂ. ಗಾಢ ಕಂದು ಬಂದಿದೆ.

ಉತ್ತರ: ಹಾಗಾದರೆ ಬಾಟಲಿಯ ಮೇಲೆ ಗುಮಾನಿ ಬೇಡ. ಈ ಆ್ಯಂಟಿಬಾಡಿ ಹಿಡಿಯುವುದು ಕೋಶದೊಳಗೆ ಕಣಗಳಲ್ಲಿ ಕೂತಿರುವ ಹಾರ್ಮೋನನ್ನು. ರಕ್ತಕ್ಕೆ ಹೋದದ್ದು ಅದಕ್ಕೆ ಸಿಗುವುದಿಲ್ಲ. ಗೋದಾಮಿನಲ್ಲಿ ಮೂಟೆ ಕಡಿಮೆ ಇದ್ದರೂ ಅಂಗಡಿಯಲ್ಲಿ ವ್ಯಾಪಾರ ಜೋರಾಗಿರಬಹುದಲ್ಲ, ಹಾಗೆ. ಕಣಗಳು ವಿರಳವಾಗಿರುವ ಬಗೆಯ ಗೆಡ್ಡೆಯಲ್ಲಿ ಸ್ಟೇನ್ ಹೀಗೇ ತೇಪೆ ತೇಪೆಯಾಗಿ ಬರುತ್ತದೆ.

ಕ್ಯಾಮ್ 5.2 ಕೆರಟಿನ್ (ಕೋಶದೊಳಗಿನ ನಾರಿನಂಥ ಪ್ರೋಟೀನ್ ಹಿಡಿಯುವ ಆ್ಯಂಟಿಬಾಡಿ) ಹಾಕಿ ನೋಡಿ. ನ್ಯೂಕ್ಲಿಯಸ್ ಪಕ್ಕದಲ್ಲಿ ಗುಂಡಗೆ ಉಂಡೆಯಂತೆ ಬಂದರೆ ಅದು ವಿರಳ ಕಣದ ಬಗೆ. ಪಿಟ್-1 (ಗ್ರೋತ್ ಹಾರ್ಮೋನ್ ಕೋಶಗಳ ನ್ಯೂಕ್ಲಿಯಸ್‌ನಲ್ಲಿರುವ ಪ್ರೋಟೀನ್) ಆ್ಯಂಟಿಬಾಡಿ ಇದ್ದರೆ ಅದನ್ನೂ ಹಾಕಿ, ನ್ಯೂಕ್ಲಿಯಸ್ಸೇ ಕಂದಾಗಬೇಕು. ವರದಿಯಲ್ಲಿ ಬಗೆ ಬರೆಯುವುದು ಮುಖ್ಯ: ಈ ಬಗೆ ಗ್ರೋತ್ ಹಾರ್ಮೋನ್ ತಗ್ಗಿಸುವ ಆಕ್ಟ್ರಿಯೊಟೈಡ್ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಕಡಿಮೆ ಬಗ್ಗುತ್ತದೆ, ಎಂಡೋಕ್ರೈನ್ ಡಾಕ್ಟರು ಅದನ್ನೇ ಹುಡುಕುತ್ತಾರೆ.

ಒಂದು ಅನುಮಾನ ಮಾತ್ರ ಉಳಿಯುತ್ತೆ. ನಿಮ್ಮ ಕಂಟ್ರೋಲ್ ನೆನೆದ ಫಾರ್ಮಲಿನ್ ಬೇರೆ, ಗೆಡ್ಡೆ ನೆನೆದದ್ದು ಬೇರೆ; ನೆನೆಸಿದ್ದು ಸರಿಯಿಲ್ಲದಿದ್ದರೂ ಸ್ಟೇನ್ ಮಸುಕಾಗಬಹುದು. ಗೆಡ್ಡೆಯ ಅಂಚಿಗೆ ನಾರ್ಮಲ್ ಗ್ರಂಥಿಯ ಚೂರೇನಾದರೂ ಅಂಟಿದೆಯಾ ನೋಡಿ. ಅದಕ್ಕಿಂತ ಒಳ್ಳೆ ಕಂಟ್ರೋಲ್ ಇಲ್ಲ. ಕರಪತ್ರದ 1:500 ಬರೀ ಆರಂಭ. 1:250, 1:1000 ಕೂಡ ನಾರ್ಮಲ್ ಗ್ರಂಥಿಯ ಮೇಲೆಯೇ ಹಾಕಿ ನಿರ್ಧರಿಸಿ. ಗೆಡ್ಡೆ ಕಂದಾಗುವವರೆಗೂ ಆ್ಯಂಟಿಬಾಡಿ ಸುರಿಯುತ್ತಾ ಹೋಗಬೇಡಿ, ಆಮೇಲೆ ಎಲ್ಲವೂ ಕಂದೇ!

ಇನ್ನೊಬ್ಬ ಸದಸ್ಯರು: ನಮ್ಮ ಕಡೆ ಪಿಟ್ಯುಟರಿ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ತುಂಡು) ಸಿಗೋದೇ ಕಷ್ಟ ಮೇಡಂ. ಪ್ಲಾಸೆಂಟಾ (ಹೆರಿಗೆಯ ಮಾಸು) ಬೇಕಾದಷ್ಟಿದೆ, ಅದನ್ನೇ ಕಂಟ್ರೋಲ್ ಮಾಡಬಹುದಾ?

ಉತ್ತರ: ಬೇಡಪ್ಪಾ. ಪ್ಲಾಸೆಂಟಾ ಮಾಡುವ ಪ್ಲಾಸೆಂಟಲ್ ಲ್ಯಾಕ್ಟೋಜೆನ್ ಹಾರ್ಮೋನ್‌ನಲ್ಲೂ 191 ಅಮೈನೊ ಆಮ್ಲ, ಗ್ರೋತ್ ಹಾರ್ಮೋನ್‌ನಲ್ಲೂ 191. ಎರಡೂ ಸುಮಾರು 85% ಒಂದೇ ಥರ. ಸಾಲದ್ದಕ್ಕೆ ಪ್ಲಾಸೆಂಟಾ ತನ್ನದೇ ಒಂದು ಗ್ರೋತ್ ಹಾರ್ಮೋನನ್ನೂ ಮಾಡುತ್ತದೆ. ಕಂದು ಬಂದರೆ ಯಾವುದಕ್ಕೆ ಬಂತು ಅಂತ ಹೇಗೆ ಹೇಳ್ತೀರಿ? ಆ್ಯಂಟಿಬಾಡಿ ಅಡ್ಡದಾರಿ ಹಿಡಿಯುತ್ತಾ ಅಂತ ಪರೀಕ್ಷಿಸಲು ಪ್ಲಾಸೆಂಟಾ ಒಳ್ಳೆಯದು, ಅಷ್ಟೇ. ಪಿಟ್ಯುಟರಿ ಬ್ಲಾಕ್‌ಗೆ ಹತ್ತಿರದ ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗದಲ್ಲಿ ಕೇಳಿ.

ಪ್ರಶ್ನೆ ಕೇಳಿದವರು: ಮೇಡಂ, ಅಂಚಲ್ಲಿ ಚೂರು ನಾರ್ಮಲ್ ಗ್ರಂಥಿ ಇತ್ತು, ಚೆನ್ನಾಗಿ ಕಂದಾಗಿದೆ. ನಾನೇ ನೋಡಿರಲಿಲ್ಲ. ಕ್ಯಾಮ್ ನಾಳೆ ಹಾಕ್ತೀನಿ.