ಬೋಟೂ ಹೌದು, ಕ್ಯಾರವಾನೂ ಹೌದು, ಇದನ್ನ ಯಾರಿಗೆ ಮಾರ್ಲಿ? (ಗೋವಾ)

ಬಾಗಲಕೋಟಿ_ವಾಸ್ಕೋ

ಎಲ್ಲಾರಿಗೂ ನಮಸ್ಕಾರ್ರಿ. ಊರು ಬಾಗಲಕೋಟಿ ಕಡೆ, ಹುಟ್ಟಿ ಬೆಳದದ್ದೆಲ್ಲಾ ವಾಸ್ಕೋದಾಗ. ನಮ್ಮ ಕಂಪೌಂಡಿನ್ಯಾಗ ಒಂದು ವಿಚಿತ್ರ ಸಾಮಾನು 20 ವರ್ಷದಿಂದ ಕುಂತೈತಿ, ಅದನ್ನ ಮಾರಬೇಕು, ಹೆಂಗ ಮಾರೂದು ಗೊತ್ತಾಗವಲ್ದು.

ಸಾಮಾನು ಏನಪಾ ಅಂದ್ರ, ದೂರದಿಂದ ನೋಡಿದ್ರ ಕ್ಯಾರವಾನ್. ಎರಡು ಗಾಲಿ, ಮುಂದ ಕಾರಿಗೆ ಜೋಡ್ಸೂ ಕೊಕ್ಕೆ, ಸುತ್ತ ಕಿಟಕಿ, ಒಳಗ ನಾಕು ಮಂದಿ ಮಲಗೂವಷ್ಟು ಸೀಟು, ಸಣ್ಣ ಸಿಂಕು, ಗ್ಯಾಸ್ ಒಲಿ. ಹತ್ರ ಬಂದು ಕೆಳಗ ಬಗ್ಗಿ ನೋಡಿದ್ರ ದೋಣಿ! ತಳ ಪೂರ್ತಿ ಫೈಬರ್, ಮೂಗು ಚೂಪು, ಹಿಂದ ಔಟ್‌ಬೋರ್ಡ್ ಇಂಜಿನ್ ಕೂಡ್ಸೂ ಹಲಗಿ. ಕ್ಯಾರಾಬೋಟ್ ಅಂತ ಹೆಸರು, ಇಂಗ್ಲೆಂಡಿನ್ಯಾಗ ತಯಾರಾದದ್ದು. ಟೇಪ್ ಹಿಡದು ಅಳದೀನಿ, ಉದ್ದ 19 ಅಡಿ ಚಿಲ್ರೆ, ಅಗಲ 7 ಅಡಿ ಒಳಗ.

ನಮಗ ಹೆಂಗ ಬಂತು ಅಂದ್ರ, ಅಪ್ಪ ಕೋರ್ತಾಲಿಂ ಕಡೆ ಒಬ್ಬ ಪಾತ್ರಾಂವ್ (ಗೋವಾದಾಗ ಮಾಲಕಗ ಹಂಗಂತಾರ) ಹತ್ರ ಫಿಟ್ಟರ್ ಇದ್ದ. ಆ ಪಾತ್ರಾಂವ್ ಇಂಗ್ಲೆಂಡಿನಿಂದ ವಾಪಸ್ ಬರೂ ಮುಂದ 1987ರಾಗ ಮನಿ ಸಾಮಾನಿನ ಜೋಡಿ ಇದನ್ನೂ ಹಡಗಿನ್ಯಾಗ ಹಾಕಿಸ್ಕೊಂಡು ಬಾಂಬೆಗೆ ತಂದು, ಅಲ್ಲಿಂದ ಲಾರಿ ಮ್ಯಾಲೆ ಗೋವಾಕ್ಕ ತಂದ. ಜುವಾರಿ ಹೊಳಿಗೆ ಇಳಿಸಿದ್ದು ಬರೇ ಎರಡು ಸಲ ಅಂತ. ಮುಂದ ಅವನ ಧಂದಾ ಮುಳಗಿತು, ಅಪ್ಪಗ ಹನ್ನೊಂದು ತಿಂಗಳ ಪಗಾರ ಬಾಕಿ, ರೊಕ್ಕ ಇಲ್ಲ ಇದನ್ನ ತಗೊಂಡು ಹೋಗು ಅಂದುಬಿಟ್ಟ. ಅಪ್ಪ ತಂದು ಹಲಸಿನ ಗಿಡದ ಕೆಳಗ ನಿಲ್ಲಿಸಿದ. ಬ್ಯಾಸಗಿ ಮಧ್ಯಾಹ್ನ ಅದರಾಗ ಮಲಗತಿದ್ದ, ಮನ್ಯಾಗಿಂತ ತಂಪು ಅಂತಿದ್ದ (ಸುಳ್ಳು, ಒಳಗ ಭಟ್ಟಿ ಇದ್ದಂಗ ಇರತಿತ್ತು). ಹೋದ ವರ್ಷ ಅಪ್ಪ ಹೋದ. ಈಗ ಅದರಾಗ ಅವ್ವನ ಕೋಳಿ ಇರತಾವು.

ಇಲ್ಲಿಮಟ ಆಗಿದ್ದು: ಬೋಟಿನವರಿಗೆ ತೋರ್ಸಿದ್ರ ‘ಇದು ಕ್ಯಾರವಾನ್’ ಅಂತಾರ, ಕ್ಯಾಂಪಿಂಗ್ ಗಾಡಿ ಮಾಡೂ ಹುಡುಗ್ರಿಗೆ ತೋರ್ಸಿದ್ರ ‘ಇದು ಬೋಟ್ ರೀ’ ಅಂತಾರ. ಗುಜರಿಯವ 8 ಸಾವಿರ ಅಂದ. ಆನ್‌ಲೈನ್ ಜಾಹೀರಾತು ಹಾಕೀನಿ, ಬರೇ ‘ಲಾಸ್ಟ್ ಪ್ರೈಸ್?’ ಅಂತ ಮೆಸೇಜು. ಕಾಗದ ಅಂದ್ರ ಪಾತ್ರಾಂವನ ಹೆಸರಿನ ಮ್ಯಾಲೆ ಇರೂ ಕಸ್ಟಮ್ಸ್ ಕಾಗದದ ಝೆರಾಕ್ಸ್ ಒಂದೇ, ಅದನ್ನೂ ಅರ್ಧ ಗೆದ್ದಲ ತಿಂದಾವು. ಬೋಟ್ ಅಂತ ಮಾರ್ಲೋ ಕ್ಯಾರವಾನ್ ಅಂತ ಮಾರ್ಲೋ? ರೇಟ್ ಎಷ್ಟು ಹೇಳ್ಲಿ?

ಪುಣೆ_ಪೇಟೆ_ಗುರು

ಬಾಸ್ ಇದು ಸಖತ್ ಐಟಂ, 8 ಸಾವಿರಕ್ಕೆ ಮಾತ್ರ ಕೊಡ್ಬೇಡ. ವಿಂಟೇಜ್ ನಂಬರ್ ಮಾಡಿಸ್ಬಿಡು ಗುರು, 50 ವರ್ಷ ದಾಟಿದ್ರೆ ‘ವಿಎ’ ಅಂತ ಬೇರೆ ನಂಬರ್ ಪ್ಲೇಟ್ ಕೊಡ್ತಾರಲ್ಲ 2021ರಿಂದ, 20 ಸಾವಿರ ಫೀಸು, ಆಮೇಲೆ ರೇಟು ಎಲ್ಲಿಗೋ ಹೋಗುತ್ತೆ. ನೀರು ನೆಲ ಎರಡರಲ್ಲೂ ಓಡೋ ಗಾಡಿಗೆ ಹುಚ್ಚರು ಜಾಸ್ತಿ ಇದಾರೆ. ಜರ್ಮನಿಯ ಆಂಫಿಕಾರ್ ಕೇಳಿರ್ತೀಯ, 1961ರಿಂದ 65ರವರೆಗೆ ಮಾಡಿದ್ದು, ಅಮೆರಿಕದ ಪ್ರೆಸಿಡೆಂಟ್ ಲಿಂಡನ್ ಜಾನ್ಸನ್ ಹತ್ರ ಒಂದಿತ್ತು, ಟೆಕ್ಸಾಸ್ ತೋಟಕ್ಕೆ ಬಂದ ಗೆಸ್ಟ್‌ಗಳನ್ನ ಕೂರಿಸ್ಕೊಂಡು ‘ಅಯ್ಯೋ ಬ್ರೇಕ್ ಹಿಡೀತಿಲ್ಲ’ ಅಂತ ಕಿರುಚ್ತಾ ಸೀದಾ ಕೆರೆಗೆ ಇಳಿಸ್ತಿದ್ನಂತೆ ಪುಣ್ಯಾತ್ಮ. ನೀನೂ ಬಂದ ಗಿರಾಕಿಗೆ ಹಂಗೆ ಒಂದು ಡೆಮೋ ಕೊಡು 😂

ಮಜಗಾಂವ್_ಮಾಮಾ

ಪುಣೆಯವರೇ, ಆ ವಿಂಟೇಜ್ ನಿಯಮ ಇರೋದು ಎರಡು ಗಾಲಿ ನಾಲ್ಕು ಗಾಲಿ ಗಾಡಿಗಳಿಗೆ, ಸ್ಕೂಟರ್ರು ಕಾರು ಅಂಥವಕ್ಕೆ. ಇದಕ್ಕೆ ಗಾಲಿ ಎರಡಿವೆ ಅಂತ ಸ್ಕೂಟರ್ ಲೆಕ್ಕದಲ್ಲಿ ಹೋದ್ರೆ ಆರ್‌ಟಿಓದವರು ಚಹಾ ಕುಡಿಸಿ ಕಳಿಸ್ತಾರೆ. ಆ ಆಸೆ ಹುಟ್ಟಿಸ್ಬೇಡಿ ಹುಡುಗನಿಗೆ.

ತಮ್ಮಾ, ನಾನು ಮುಂಬೈ ಮಜಗಾಂವ್‌ನಲ್ಲಿ ಹಡಗು ರಿಪೇರಿ ಕೆಲಸದಲ್ಲಿ 26 ವರ್ಷ ತೆಗ್ದವ, ನನಗೆ ತಿಳಿದಷ್ಟು ಹೇಳ್ತೀನಿ. ರೇಟು ಆಮೇಲೆ ನೋಡೋಣ, ಮೊದಲು ಇದು ಯಾರದು ಅನ್ನೋದು ಬಗೆಹರೀಬೇಕು. ಕಾಗದ ಪಾತ್ರಾಂವ್ ಹೆಸರಲ್ಲಿದೆ, ನಿಮ್ಮಪ್ಪನಿಗೆ ಬಾಯಿಮಾತಲ್ಲಿ ಬಂತು, ನಿನಗೆ ನಿಮ್ಮಪ್ಪನಿಂದ ಬಂತು, ಇದರಲ್ಲಿ ಒಂದು ಕೊಂಡಿಯೂ ಬರಹದಲ್ಲಿಲ್ಲ. ನಾಳೆ ನೀನು ಒಂದು ಲಕ್ಷಕ್ಕೆ ಮಾರಿದೆ ಅನ್ನು, ಪಾತ್ರಾಂವನ ಮಕ್ಕಳು ಲಿಸ್ಬನ್ನಿಂದಲೋ ಲಂಡನ್ನಿಂದಲೋ ಇಳಿದು ಅದು ನಮ್ಮಪ್ಪನದು ಅಂದ್ರೆ ಕೊಂಡವನು ನಿನ್ನ ಕೊರಳಪಟ್ಟಿ ಹಿಡೀತಾನೆ. ಹಂಗಾಗಿ ಅವರ ಮನೆಯವರನ್ನ ಹುಡುಕು, ‘ಸಂಬಳದ ಬಾಕಿಗೆ ಕೊಟ್ಟಿದ್ದೇವೆ, ನಮ್ಮ ಹಕ್ಕೇನೂ ಇಲ್ಲ’ ಅಂತ ಸ್ಟ್ಯಾಂಪ್ ಪೇಪರ್ ಮೇಲೆ ಬರೆಸಿ ನೋಟರಿ ಮಾಡಿಸು. ನಿಮ್ಮವ್ವ, ಅಣ್ಣತಮ್ಮಂದಿರು ಇದ್ರೆ ಅವರ ಒಪ್ಪಿಗೆಯೂ ಇರ್ಲಿ. ಗೆದ್ದಲು ತಿಂದು ಉಳಿದ ಆ ಝೆರಾಕ್ಸ್ ಬಂಗಾರ ಇದ್ದಂಗೆ, ಇವತ್ತೇ ನಾಲ್ಕು ಕಾಪಿ ತೆಗೆಸಿ ಲ್ಯಾಮಿನೇಟ್ ಮಾಡ್ಸು.

ಇನ್ನು ಬೋಟೋ ಕ್ಯಾರವಾನೋ ಅನ್ನೋ ಪ್ರಶ್ನೆ. ಸರ್ಕಾರದ ಕಣ್ಣಲ್ಲಿ ಇದು ಎರಡೂ, ಅದೇ ತಲೆನೋವು. ರಸ್ತೆ ಮೇಲೆ ಎಳೆದ್ರೆ ಟ್ರೈಲರ್, ಮೋಟಾರ್ ವೆಹಿಕಲ್ಸ್ ಆಕ್ಟ್‌ನಲ್ಲಿ ‘ಮೋಟಾರು ವಾಹನ’ ಅಂದ್ರೆ ಟ್ರೈಲರೂ ಸೇರುತ್ತೆ, ಇಂಜಿನ್ ಇಲ್ಲ ಅಂದ ಮಾತ್ರಕ್ಕೆ ನಂಬರ್ ಬೇಡ ಅಂತಲ್ಲ. ಇಂಜಿನ್ ಹಾಕಿ ಹೊಳೆಗೆ ಇಳಿಸಿದ್ರೆ 2021ರ ಇನ್‌ಲ್ಯಾಂಡ್ ವೆಸಲ್ಸ್ ಆಕ್ಟ್, ಸರ್ವೇ, ರಿಜಿಸ್ಟ್ರೇಷನ್, ನಿಮ್ಮ ಪಣಜಿ ಕ್ಯಾಪ್ಟನ್ ಆಫ್ ಪೋರ್ಟ್ಸ್ ಆಫೀಸಿಗೆ ಅಲೆದಾಟ. ನೀನು ಮಾರೋನು, ಈ ಎರಡು ಮುಳ್ಳನ್ನೂ ನಿನ್ನ ಕಾಲಿಗೆ ಯಾಕೆ ಚುಚ್ಚಿಸ್ಕೋತೀಯ. ಜಾಹೀರಾತಲ್ಲಿ ಬೋಟ್ ಅಂತಲೂ ಬರೀಬೇಡ ಕ್ಯಾರವಾನ್ ಅಂತಲೂ ಬರೀಬೇಡ, ‘1970ರ ದಶಕದ ಬ್ರಿಟಿಷ್ ಕ್ಯಾರಾಬೋಟ್, ಇಂಜಿನ್ ಇಲ್ಲ, ರಿಜಿಸ್ಟ್ರೇಷನ್ ಇಲ್ಲ, ಇದ್ದ ಜಾಗದಲ್ಲಿ ಇದ್ದ ಹಾಗೇ’ ಅಂತ ಬರಿ. ಸಾಗಿಸೋ ಜವಾಬ್ದಾರಿ ಕೊಂಡವನದೇ. ಲಾಸ್ಟ್ ಪ್ರೈಸ್ ಕೇಳೋ ಜಾತಿ ಅದನ್ನ ಓದಿದ ಕೂಡ್ಲೇ ಓಡಿಹೋಗುತ್ತೆ, ಹುಚ್ಚು ಇದ್ದವನು ಮಾತ್ರ ಫೋನ್ ಮಾಡ್ತಾನೆ, ನಿನಗೆ ಬೇಕಾಗಿರೋದು ಅವನೊಬ್ಬನೇ.

ಪಡುಕರೆ_ಫೈಬರ್

ಮಾಮಾ ಹೇಳಿದ್ದು ಕಾಗದದ ಕಥೆ, ಮಾಲಿನ ಕಥೆ ನಾನು ಹೇಳ್ತೇನೆ. ಊರು ಮಲ್ಪೆ ಹತ್ರ, ಬೇತಿಂನಲ್ಲಿ ಇದ್ದು ಫೈಬರ್ ದೋಣಿ ರಿಪೇರಿ ಮಾಡುದು ಹದಿನಾಲ್ಕು ವರ್ಷ ಆಯ್ತು.

ಮೊದಲು ಗುಜರಿಯವ ಯಾಕೆ 8 ಸಾವಿರ ಅಂದ ಗೊತ್ತುಂಟಾ ಮಾರಾಯ್ರೆ, ಫೈಬರಿಗೆ ಗುಜರಿಯಲ್ಲಿ ಬೆಲೆಯೇ ಇಲ್ಲ, ಅದನ್ನು ಕಬ್ಬಿಣದ ಹಾಗೆ ಕರಗಿಸ್ಲಿಕ್ಕೆ ಆಗುದಿಲ್ಲ. ಅವ ನೋಡಿದ್ದು ನಿಮ್ಮ ಆ್ಯಕ್ಸಲ್ಲು, ಕಿಟಕಿಯ ಅಲ್ಯೂಮಿನಿಯಂ ಫ್ರೇಮು ಇಷ್ಟೇ. ಉಳಿದದ್ದನ್ನು ಎಲ್ಲಿಯಾದ್ರೂ ಖಜಾನ್ (ಉಪ್ಪುನೀರಿನ) ಗದ್ದೆ ಬದಿಯಲ್ಲಿ ಬಿಸಾಡಿ ಹೋಗ್ತಾನೆ.

ರೇಟ್ ಹೇಳುವ ಮೊದಲು ಎರಡು ಕೆಲಸ ಮಾಡಿ. ಒಂದು, ದೊಡ್ಡ ಸ್ಕ್ರೂಡ್ರೈವರಿನ ಹಿಡಿಯಲ್ಲಿ ತಳ ಪೂರ್ತಿ ಒಂದೊಂದು ಗೇಣಿಗೆ ಬಡೀತಾ ಹೋಗಿ. ಟಣ್ ಟಣ್ ಅಂತ ಬಂದ್ರೆ ಗಟ್ಟಿ, ಹಲಸಿನಕಾಯಿ ಬಡಿದ ಹಾಗೆ ಡಬ್ ಅಂದ್ರೆ ಅಲ್ಲಿ ಮ್ಯಾಟ್ (ಫೈಬರ್ ಹಾಸು) ಪದರ ಬಿಟ್ಟಿದೆ, ಸೀಮೆಸುಣ್ಣದಲ್ಲಿ ಗುರ್ತು ಹಾಕಿ. ಸಣ್ಣ ಸಣ್ಣ ಗುಳ್ಳೆ ಎದ್ದಿದ್ರೆ ಒಂದನ್ನು ಒಡೆದು ಮೂಸಿ, ಹುಳಿ ವಿನೆಗರ್ ವಾಸನೆ ಬಂದ್ರೆ ಜೆಲ್‌ಕೋಟ್ (ಹೊರಗಿನ ನುಣುಪು ಪದರ) ಒಳಗೆ ನೀರು ಹೋಗಿ ರೆಸಿನ್ (ಫೈಬರ್ ಹಿಡಿದಿಡುವ ಅಂಟು) ಕೆಟ್ಟಿದೆ ಅಂತ. (ಒಡೆಯುವಾಗ ಕಣ್ಣು ದೂರ ಇಡಿ, ಪಿಚಕಾರಿ ಹಾರ್ತದೆ.) ನಿಮ್ಮದು ನೀರಲ್ಲಿ ಇದ್ದದ್ದೇ ಎರಡು ಸಲ ಅಲ್ವ, ಗುಳ್ಳೆ ಇರ್ಲಿಕ್ಕಿಲ್ಲ.

ಎರಡನೇದು ಮುಖ್ಯ. ಹಿಂದೆ ಇಂಜಿನ್ ಕೂತ್ಕೊಳ್ಳುವ ಹಲಗೆ ಉಂಟಲ್ಲ, ಟ್ರಾನ್ಸಮ್. ಅದ್ರ ಹೊರಗೆ ಫೈಬರ್, ಒಳಗೆ ಪ್ಲೈವುಡ್. ಕೆಳಗಿನ ಒಂದು ಸ್ಕ್ರೂ ಬಿಚ್ಚಿ ನೋಡಿ. ತೂತಿನಿಂದ ಒಣ ಪುಡಿ ಬಂದ್ರೆ ದೇವ್ರು ದೊಡ್ಡವ. ಕಂದು ನೀರು ಇಳಿದ್ರೆ ಪ್ಲೈ ಕೊಳೆತಿದೆ, ಅದಕ್ಕೆ ಇಂಜಿನ್ ಕಟ್ಟಿ ಥ್ರಾಟಲ್ ಕೊಟ್ರೆ ಇಂಜಿನ್ ಮುಂದೆ ಹೋಗುವ ಬದ್ಲು ಹಲಗೆ ಸಮೇತ ಕೆಳಗೆ ಹೋಗ್ತದೆ.

ಮತ್ತೆ ಪುಣೆಯ ಡೆಮೋ ಅಣ್ಣನ ಮಾತು ಕೇಳಿ ನೀರಿಗೆ ಇಳಿಸ್ಬೇಡಿ. ರಸ್ತೆಯಲ್ಲಿ ಎಳ್ಕೊಂಡು ಬಂದಾಗ ಗಾಲಿಯ ಬೇರಿಂಗ್ ಬಿಸಿ ಇರ್ತದೆ, ಹಾಗೇ ತಣ್ಣೀರಿಗೆ ಇಳಿಸಿದ್ರೆ ಹಬ್ ಒಳಗಿನ ಗಾಳಿ ಕುಗ್ಗಿ ಉಪ್ಪುನೀರನ್ನು ಒಳಗೆ ಎಳ್ಕೊಳ್ತದೆ, ತಿಂಗಳಲ್ಲಿ ಬೇರಿಂಗ್ ಗೋವಿಂದ. ಈ ಜಾತಿ ಗಾಡಿ ಕಡಿಮೆ ಆದದ್ದಕ್ಕೆ ಅದೂ ಒಂದು ಕಾರಣ ಅಂತ ನನ್ನ ಲೆಕ್ಕ, ದೋಣಿಗೆ ಗಾಲಿ ಹೊರೆ, ಗಾಲಿಗೆ ಉಪ್ಪುನೀರು ಶತ್ರು. ಆ ಗ್ಯಾಸ್ ಒಲೆಯನ್ನಂತೂ ಕಿತ್ತು ಹೊರಗಿಡಿ, ಅದನ್ನು ಹಾಗೇ ಮಾರುದು ಪಾಪದ ಕೆಲಸ. ಕ್ಯಾರವಾನಲ್ಲಾದ್ರೆ ಸೋರಿದ ಗ್ಯಾಸ್ ಹೋಗ್ಲಿ ಅಂತ ನೆಲದಲ್ಲಿ ತೂತು ಇಡ್ತಾರೆ, ದೋಣಿಯ ತಳಕ್ಕೆ ತೂತು ಇಡ್ಲಿಕ್ಕೆ ಆಗ್ತದಾ? ಎಲ್‌ಪಿಜಿ ಗಾಳಿಗಿಂತ ಭಾರ, ತಳದಲ್ಲೇ ಕೂತಿರ್ತದೆ, ಯಾರೋ ಒಬ್ಬ ಬೀಡಿ ಹಚ್ಚಿದ್ರೆ ಮುಗೀತು.

ಪುಣೆ_ಪೇಟೆ_ಗುರು

ಸರಿ ಸರಿ ಡೆಮೋ ಕ್ಯಾನ್ಸಲ್ 🙏 ಆದ್ರೆ ಜಾಹೀರಾತಲ್ಲಿ ಒಂದು ಕಥೆ ಇರ್ಲಿ ಗುರು, ಕಥೆ ಇಲ್ದೆ ವಿಂಟೇಜ್ ಮಾಲು ಹೋಗಲ್ಲ. ಬೆನ್ ಕಾರ್ಲಿನ್ ಅಂತ ಒಬ್ಬ ಆಸ್ಟ್ರೇಲಿಯಾದವನು ನೀರಲ್ಲಿ ಓಡೋ ಫೋರ್ಡ್ ಜೀಪ್ ತಗೊಂಡು ಭೂಮಿನೇ ಸುತ್ತಿದ್ದ, 1950ರಲ್ಲಿ ಕೆನಡಾದಿಂದ ಹೊರಟು 1958ಕ್ಕೆ ಮುಗಿಸ್ದ. ಆ ಐಡಿಯಾ ಅವನಿಗೆ ಬಂದಿದ್ದು ನಮ್ಮ ದೇಶದಲ್ಲೇ, ಬಂಗಾಳದ ಕಲೈಕುಂಡಾ ಏರ್‌ಫೀಲ್ಡ್‌ನಲ್ಲಿ 1946ರಲ್ಲಿ ಅಂಥದೊಂದು ಜೀಪ್ ನಿಂತಿದ್ದು ನೋಡಿ. ನೀನು ಹನ್ನೊಂದು ತಿಂಗಳ ಪಗಾರದ ಕಥೆ ಬರೆದ್ರೂ ಸಾಕು.

ಮಜಗಾಂವ್_ಮಾಮಾ

ಪಗಾರದ ಕಥೆ ಜಾಹೀರಾತಲ್ಲಿ ಬೇಡ. ಪುಕ್ಕಟೆ ಬಂದಿದ್ದು ಅಂತ ಚೌಕಾಸಿ ಮಾಡ್ತಾರೆ.

ಬಾಗಲಕೋಟಿ_ವಾಸ್ಕೋ

ಮಾಮಾರ, ಪಡುಕರೆ ಅಣ್ಣಾರ, ಭಾಳ ಉಪಕಾರ ಆತ್ರಿ. ಒಂದು ವಾರ ಬಿಟ್ಟು ಬರ್ಯಾಕತ್ತೀನಿ, ಯಾಕಂದ್ರ ಹೇಳಿದ್ದೆಲ್ಲಾ ಮಾಡಿ ನೋಡಿದೆ.

ಪಾತ್ರಾಂವನ ಮಗಳು ಮಡಗಾಂವ್‌ನ್ಯಾಗ ಅದಾಳಂತ ಗೊತ್ತಾತು, ಹೋಗಿದ್ದೆ. ಜಗಳ ಆಗ್ತದ ಅಂತ ಅಂದ್ಕೊಂಡು ನಮ್ಮ ಕಾಕಾನ್ನೂ ಕರಕೊಂಡು ಹೋಗಿದ್ದೆ, ಆಕಿ ನೋಡಿದ್ರ ‘ಅಯ್ಯ ಅದು ಇನ್ನೂ ಐತೇನು’ ಅಂತ ನಕ್ಕು, ಸಣ್ಣಾಕಿ ಇದ್ದಾಗ ಅದರಾಗ ಕುಂತು ತೆಗೆಸಿಕೊಂಡ ಫೋಟೋ ತೋರ್ಸಿದ್ಲು. ಹೊಳ್ಯಾಗ ತೇಲೂ ಫೋಟೋ! ಪೇಪರ್ ಬರಕೊಡ್ತೀನಿ ಅಂದಾಳ, ಅಣ್ಣನ ಸಹಿ ಇಂಗ್ಲೆಂಡಿನಿಂದ ಬರಬೇಕು. ಪಗಾರದ ಮಾತು ಆಕಿಗೆ ಗೊತ್ತೇ ಇರಲಿಲ್ಲ, ನಾ ಹೇಳಿದ ಮ್ಯಾಲೆ ಸ್ವಲ್ಪ ಹೊತ್ತು ಸುಮ್ಮನಾದ್ಲು. ನಾನೂ ಮುಂದ ಕೆದಕಲಿಲ್ಲ.

ತಳ ಬಡದು ನೋಡಿದೆ, ಎಡಕ್ಕ ಗಾಲಿ ಹತ್ರ ಎರಡು ಕಡೆ ಡಬ್ ಅಂತು, ಉಳದದ್ದು ಟಣ್. ಗುಳ್ಳಿ ಇಲ್ಲ. ಆದ್ರ ಹಿಂದಿನ ಹಲಗಿ ಸ್ಕ್ರೂ ಬಿಚ್ಚಿದ್ರ ಥೇಟ್ ಚಹಾ ಡಿಕಾಕ್ಷನ್ ಇಳದಂಗ ಇಳೀತು. ಹಲಗಿ ಹೋತು ಅಂತ ತಿಳಕೊಂಡೆ. ಗ್ಯಾಸ್ ಒಲಿ ಕಿತ್ತೀನಿ.

ಮಾಮಾ ಹೇಳಿದಂಗ ಹೊಸಾ ಜಾಹೀರಾತು ಹಾಕಿದ್ಕ ಇಬ್ಬರು ಬಂದಾರ. ಒಬ್ಬಾವ ರೆಸಾರ್ಟಿನವ, 60 ಸಾವಿರ ಕೊಡ್ತೀನಿ, ಗಾಲಿ ಕತ್ತರಿಸಿ ಹೊಳಿ ದಂಡಿಗೆ ಸಿಮೆಂಟ್ ಕಟ್ಟಿ ಮ್ಯಾಲೆ ಕೂಡ್ಸಿ ಗೆಸ್ಟ್ ರೂಮ್ ಮಾಡ್ತೀನಿ ಅಂತಾನ. ಇನ್ನೊಬ್ಬ ಕಾರವಾರದ ರಿಟೈರ್ಡ್ ಮಾಸ್ತರ, ಅವನ ಹತ್ರ 35 ಸಾವಿರ ಅಷ್ಟೇ, ಆದ್ರ ರಿಪೇರಿ ಮಾಡ್ಸಿ ಕಾಳಿ ನದ್ಯಾಗ ಇಳಸ್ತೀನಿ ಅಂತಾನ. ಏನ್ ಮಾಡ್ಲಿ?

ಮಜಗಾಂವ್_ಮಾಮಾ

ಹೊಳೆ ದಂಡೆ ಮೇಲೆ ಸಿಮೆಂಟ್ ಹಾಕೋದು ಅಂದ್ರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಪರ್ಮಿಷನ್ ಬೇಕು, ಉಪ್ಪುನೀರು ಏರಿಳಿಯೋ ಹೊಳೆಗೂ ಅದು ಅನ್ವಯ. ಪರ್ಮಿಷನ್ ಸಿಗಲಿಲ್ಲ ದುಡ್ಡು ವಾಪಸ್ ಕೊಡು ಅಂತ ಅವನು ಬರೋ ಹಂಗೆ ಇರಬಾರದು. ಯಾರಿಗೆ ಕೊಟ್ರೂ ಪೂರ್ತಿ ದುಡ್ಡು ಎಣಿಸ್ಕೊಂಡು, ಡಬ್ ಅಂದ ಜಾಗ, ಕೊಳೆತ ಹಲಗೆ ಎಲ್ಲಾ ರಸೀದಿಯಲ್ಲಿ ಬರೆದು ಸಹಿ ತಗೊಂಡು ಕೊಡು. ಮುಚ್ಚಿಟ್ಟು ಮಾರಿದ್ದು ಅಂತ ಮಾತು ಬರಬಾರದು. ನನ್ನ ಕೇಳಿದ್ರೆ 60 ತಗೋ. ನಿಮ್ಮಪ್ಪನ ಹನ್ನೊಂದು ತಿಂಗಳು ಅದು.

ಪಡುಕರೆ_ಫೈಬರ್

ಮಾಮಾ ಬೈಬೇಡಿ, ನಾನಾದ್ರೆ ಮಾಸ್ತರಿಗೇ ಕೊಡುದು. ಗಾಲಿ ಕತ್ತರಿಸಿದ ಮೇಲೆ ಅದು ದೋಣಿಯೂ ಅಲ್ಲ ಗಾಡಿಯೂ ಅಲ್ಲ, ಬರೀ ಡಬ್ಬ. ಟ್ರಾನ್ಸಮ್ ದೊಡ್ಡ ಸಂಗತಿ ಅಲ್ಲ, ಒಳಗಿನಿಂದ ಕೊಳೆತ ಪ್ಲೈ ಕೆರೆದು ತೆಗ್ದು ಮರೀನ್ ಪ್ಲೈ ಹಾಕಿ ಮ್ಯಾಟ್ ರೆಸಿನ್ ಹೊದಿಸಿದ್ರೆ ನಾಲ್ಕೈದು ದಿನದ ಕೆಲಸ, ಮಾಸ್ತರಿಗೆ ನನ್ನ ನಂಬರ್ ಕೊಡಿ, ಮೆಟೀರಿಯಲ್ ರೇಟಲ್ಲಿ ಮಾಡಿಕೊಡ್ತೇನೆ. ಅವ್ರು 45ಕ್ಕೆ ಬಂದ್ರೆ ನೋಡಿ. ಆದ್ರೆ ಜೂನ್ ಒಳಗೆ ಆಗ್ಬೇಕು, ಮಳೆ ಹಿಡಿದ ಮೇಲೆ ಆ ತೇವದಲ್ಲಿ ರೆಸಿನ್ ಸರಿ ಸೆಟ್ ಆಗುದಿಲ್ಲ. ರಸ್ತೆಯಲ್ಲಿ ಎಳೆಯುದು ಬೇಡ, ಹೈಡ್ರಾ ಕ್ರೇನ್ ತರಿಸಿ ಎತ್ತಿ ಲಾರಿ ಮೇಲೆ ಇಡಿ, ಬೆಲ್ಟ್ ಕಿಟಕಿ ಮೇಲೆ ಬಾರದ ಹಾಗೆ ನೋಡ್ಕೊಳ್ಳಿ. ಈ ಆದಿತ್ಯವಾರ ನಾನೇ ಬಂದು ಒಮ್ಮೆ ನೋಡ್ತೇನೆ, ಒಳಗಿನ ಸೀಟೆಲ್ಲ ಬಿಚ್ಚಿ ಇಡಿ.

ಬಾಗಲಕೋಟಿ_ವಾಸ್ಕೋ

ಮಾಸ್ತರಗ ಫೋನ್ ಮಾಡಿದ್ನಿರಿ, 42ಕ್ಕ ಬಂದ, ಅಡ್ವಾನ್ಸ್ 5 ಸಾವಿರ ಹಾಕ್ಯಾನ. ಮಾಮಾರ, ನೀವು ಹೇಳಿದ್ದೂ ಖರೇನ, ಆದ್ರ ಆ ತೇಲೂ ಫೋಟೋ ನೋಡಿದ ಮ್ಯಾಲೆ ಗಾಲಿ ಕತ್ತರಸೂದು ಮನಸಿಗೆ ಬರವಲ್ದು. ಅವ್ವನೂ ಮಾಸ್ತರಗ ಕೊಡು ಅಂದ್ಲು.

ಪಡುಕರೆ ಅಣ್ಣಾರ, ಈ ಆದಿತ್ಯವಾರ ಬ್ಯಾಡ್ರಿ, ಅದರ ಮುಂದಿನ ಆದಿತ್ಯವಾರ ಬರ್ರಿ. ಸೀಟಿನ ಕೆಳಗ ಕೋಳಿ ಕಾವಿಗೆ ಕುಂತೈತಿ, ಇವತ್ತಿಗೆ ಹನ್ನೆರಡು ದಿನ, ಮರಿ ಹೊರಗ ಬರೂತನ ಯಾರೂ ಮುಟ್ಟಬ್ಯಾಡ್ರಿ ಅಂದಾಳ ಅವ್ವ. ಮಾಸ್ತರಗೂ ಅದನ್ನೇ ಹೇಳೀನಿ, ಅವನೂ ಹ್ಞೂಂ ಅಂದಾನ.