ಅಪ್‌ಡೇಟ್: ಮಗಳ ಯೂನಿಫಾರ್ಮ್ ಸಮಸ್ಯೆ ಬಹುಮಟ್ಟಿಗೆ ಬಗೆಹರಿಯಿತು

ಮುಂಬೈ ಹತ್ತಿರದ ಡೊಂಬಿವಲಿಯಿಂದ ಮತ್ತೆ ಬರೆಯುತ್ತಿದ್ದೇನೆ. ಒಂದನೇ ಕ್ಲಾಸಿನ ಮಗಳಿಗೆ ಪಾಲಿಯೆಸ್ಟರ್ ಪಿನಾಫೋರ್‌ನಿಂದ (ಶರ್ಟಿನ ಮೇಲೆ ತೊಡುವ ತೋಳಿಲ್ಲದ ಫ್ರಾಕ್) ಬೆವರುಗುಳ್ಳೆ ಏಳುತ್ತಿದೆ, ಬೆನ್ನಿನ ಜಿಪ್ ಅವಳ ಕೈಗೆ ಎಟುಕುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ.

ನೀವು ಹೇಳಿದಂತೆ ಉಳಿದ ಅಮ್ಮಂದಿರ ಜೊತೆ ಹೋಗಿ ಹೆಡ್‌ಮಿಸ್ ಅವರನ್ನು ಕಂಡೆವು. ಬಣ್ಣ ಅದೇ ಇರಲಿ, ಬಟ್ಟೆ ನಿಮ್ಮಿಷ್ಟ ಎಂದರು. ನೋಡಲು ಸ್ಕರ್ಟಿನಂತಿದ್ದು ಒಳಗೆ ಚಡ್ಡಿಯಂತೆ ಎರಡು ಕಾಲು ಇರುವ ಡಿವೈಡೆಡ್ ಸ್ಕರ್ಟಿಗೂ ಒಪ್ಪಿದರು! ಆಟದ ಪೀರಿಯಡ್ಡಿನಲ್ಲಿ ಸ್ಕರ್ಟ್ ಹಿಡಿದುಕೊಂಡು ಓಡುವ ಕಷ್ಟ ಯಾವ ಮಗುವಿಗೂ ಬೇಡ.

ಶರ್ಟಿಗೆ ಪೂರ್ತಿ ಕಾಟನ್ ತಂದೆ, ಬೆವರು ಹೀರುತ್ತದೆ. ಹೊಲಿಸುವ ಮುಂಚೆ ನೀರಲ್ಲಿ ನೆನೆಸಿ ಒಣಗಿಸಿದೆ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಸ್ಕರ್ಟಿಗೆ ಮಾತ್ರ ಸ್ವಲ್ಪ ಪಾಲಿಯೆಸ್ಟರ್ ಬೆರೆತ ಬಟ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಮಳೆಯಲ್ಲಿ ದಪ್ಪ ಕಾಟನ್ ಬೇಗ ಒಣಗುವುದಿಲ್ಲ, ಅಲ್ವಾ? ಸೊಂಟಕ್ಕೆ ಅಗಲವಾದ ಎಲಾಸ್ಟಿಕ್ ಹಾಕಿಸಿದೆ, ಜಿಪ್ ಇಲ್ಲವೇ ಇಲ್ಲ. ಎರಡು ಜೇಬು. ಅಂಚಿಗೆ ಜಾಸ್ತಿ ಬಟ್ಟೆ ಮಡಚಿಸಿದ್ದೇನೆ, ಬೆಳೆದಂತೆ ಬಿಚ್ಚಬಹುದು.

ಈಗ ಟಾಯ್ಲೆಟ್ಟಿಗೆ ಒಬ್ಬಳೇ ಹೋಗಿ ಬರುತ್ತಾಳೆ. ನನಗೆ ಎಲ್ಲಕ್ಕಿಂತ ದೊಡ್ಡ ಸಮಾಧಾನ ಅದೇ. ಪಿಟಿ ದಿನದ ಟ್ರ್ಯಾಕ್ ಪ್ಯಾಂಟ್ ಇನ್ನೂ ಪಾಲಿಯೆಸ್ಟರೇ. ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಅದನ್ನೂ ಕೇಳುತ್ತೇವೆ.